ಐರ್ಲೆಂಡಿನ ಮತ ಎಣಿಕೆ ಮೂರು ದಿನ ಯಾಕೆ ನಡೆಯುತ್ತದೆ?

ನಮ್ಮಲ್ಲಿ ಎಣಿಕೆಯ ದಿನ ಬೆಳಿಗ್ಗೆ ಎಂಟಕ್ಕೆ ಟಿ.ವಿ. ಹಾಕಿ ಕೂತರೆ ಮಧ್ಯಾಹ್ನದ ಊಟದ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲಾ ಗೊತ್ತಾಗಿರುತ್ತದೆ. ಸಂಜೆಗೆ ಪಟಾಕಿ, ಮೆರವಣಿಗೆ. ಐರ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ 2024ರ ನವೆಂಬರ್ 29, ಶುಕ್ರವಾರ ಸಾರ್ವತ್ರಿಕ ಚುನಾವಣೆ ನಡೆಯಿತು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪೆಟ್ಟಿಗೆ ತೆರೆದರು. ಕೊನೆಯ ಸೀಟುಗಳು ತುಂಬುವಾಗ ಸೋಮವಾರ ಬಂದಿತ್ತು. ಇಡೀ ದೇಶದ ಜನಸಂಖ್ಯೆ ಐವತ್ತು ಲಕ್ಷ ಚಿಲ್ಲರೆ, ಬೆಂಗಳೂರಿಗಿಂತ ಎಷ್ಟೋ ಕಡಿಮೆ. ಹಾಗಿದ್ದೂ ಮೂರು ದಿನ!

ಅಲ್ಲಿನವರು ಸೋಮಾರಿಗಳಲ್ಲ. ಒಂದೇ ಚೀಟಿಯನ್ನು ಮತ್ತೆ ಮತ್ತೆ ಎತ್ತಿ ನೋಡಬೇಕಾದ ಪದ್ಧತಿ ಅವರದು, ‘ಏಕ ವರ್ಗಾವಣೀಯ ಮತ’ ಅಂತ ಅದರ ಹೆಸರು. ಕೇಳಲು ಜಟಿಲ ಅನಿಸುತ್ತದೆ, ಆದರೆ ಕನ್ನಡದ ಓದುಗರಿಗೆ ಇದು ಪೂರ್ತಿ ಅಪರಿಚಿತವೇನಲ್ಲ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ನೇರಳೆ ಬಣ್ಣದ ಸ್ಕೆಚ್ ಪೆನ್ ನೆನಪಿರುತ್ತದೆ, ಅಲ್ವಾ? ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ಬರೆಯುವುದು. ‘ಮೊದಲ ಪ್ರಾಶಸ್ತ್ಯದ ಮತ’, ‘ಎರಡನೇ ಪ್ರಾಶಸ್ತ್ಯದ ಮತ’, ‘ಕೋಟಾ’, ‘ಎಲಿಮಿನೇಷನ್’ ಅಂತ ಪೇಪರಿನವರು ಬರೆಯುತ್ತಾರಲ್ಲ, ಅದೇ ಸಂಸಾರದ ಪದ್ಧತಿ ಇದು. ನಮ್ಮಲ್ಲಿ ಅದು ಮೂಲೆಯಲ್ಲಿದೆ. ಐರ್ಲೆಂಡಿನಲ್ಲಿ ಸಂಸತ್ತಿನಿಂದ ಹಿಡಿದು ಊರಿನ ಕೌನ್ಸಿಲ್‌ವರೆಗೆ ಎಲ್ಲಕ್ಕೂ ಅದೇ.

ಮೊದಲು ಮತಪತ್ರ ನೋಡೋಣ. ಮೆಷಿನ್ ಇಲ್ಲ, ಕಾಗದ ಮತ್ತು ಪೆನ್ಸಿಲ್. ಉದ್ದನೆಯ ಚೀಟಿ. ಅದರಲ್ಲಿ ಅಭ್ಯರ್ಥಿಗಳು ಅಡ್ಡಹೆಸರಿನ ಅಕ್ಷರಮಾಲೆಯ ಕ್ರಮದಲ್ಲಿ ನಿಂತಿರುತ್ತಾರೆ. ಹೆಸರಿನ ಜೊತೆ ಫೋಟೋ, ಪಕ್ಷದ ಗುರುತು, ಪಕ್ಕದಲ್ಲೊಂದು ಖಾಲಿ ಚೌಕ. ಹತ್ತು ಹದಿನೈದು ಹೆಸರು ಇರುವುದು ಮಾಮೂಲು. ನಿಮಗೆ ಎಲ್ಲರಿಗಿಂತ ಇಷ್ಟವಾದವರ ಮುಂದೆ 1, ಆಮೇಲಿನವರಿಗೆ 2, ಹೀಗೆ ಎಷ್ಟು ಜನಕ್ಕೆ ಬೇಕೋ ಅಷ್ಟು. ಬರೀ 1 ಬರೆದು ಬಂದರೂ ಮತ ಸಿಂಧು. 1, 2 ಬರೆದು 3 ಮರೆತು 4 ಹಾಕಿದರೆ 2ರವರೆಗೆ ಮಾತ್ರ ಲೆಕ್ಕಕ್ಕೆ. ಒಂದೇ ಪಕ್ಷದವರಿಗೇ ಹಾಕಬೇಕು ಅಂತ ಇಲ್ಲ. 1 ಒಂದು ಪಕ್ಷಕ್ಕೆ, 2 ಅದರ ಕಡು ವಿರೋಧಿಗೆ, 3 ಪಕ್ಕದ ಬೀದಿಯ ಪಕ್ಷೇತರನಿಗೆ, ನಿಮ್ಮಿಷ್ಟ.

ಇಲ್ಲಿ ಬಹಳ ಜನ ಎಡವುತ್ತಾರೆ. ಐದು ನಂಬರ್ ಬರೆದರೆ ಐದು ಮತ ಹಾಕಿದ ಹಾಗೆ ಅಂದುಕೊಳ್ಳುತ್ತಾರೆ. ಇಲ್ಲ, ಮತ ಒಂದೇ. ದರ್ಶಿನಿಯಲ್ಲಿ ಕೈಯಲ್ಲಿ ಒಂದೇ ಟೋಕನ್ ಇದೆ ಅಂದುಕೊಳ್ಳಿ. ‘ಮಸಾಲೆ ದೋಸೆ ಕೊಡಿ. ಖಾಲಿ ಆಗಿದ್ದರೆ ಸೆಟ್ ದೋಸೆ. ಅದೂ ಇಲ್ವಾ, ಇಡ್ಲಿ ಕೊಡಿ’ ಅಂತೀರಿ. ಮೂರು ಹೆಸರು ಹೇಳಿದಿರಿ ಅಂತ ಮೂರು ತಟ್ಟೆ ಬರುವುದಿಲ್ಲ. ಇಡ್ಲಿ ಅಂತ ಬಾಯಿಬಿಟ್ಟದ್ದಕ್ಕೆ ದೋಸೆ ಸಿಗುವ ಅವಕಾಶವೂ ಕಡಿಮೆ ಆಗುವುದಿಲ್ಲ. ಎರಡನೆಯದಂತೂ ಮುಖ್ಯವಾದ ಮಾತು. ನೀವು ಕೊಟ್ಟ 2, 3, 4 ಯಾವತ್ತೂ ನಿಮ್ಮ 1ನೇ ಅಭ್ಯರ್ಥಿಗೆ ಏಟು ಕೊಡುವುದಿಲ್ಲ. ಅವರ ಹಣೆಬರಹ ತೀರ್ಮಾನವಾದ ಮೇಲಷ್ಟೇ ಚೀಟಿ ಮುಂದಕ್ಕೆ ಹೋಗುತ್ತದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಕ್ಷೇತ್ರದ್ದು. ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬ ಶಾಸಕ. ಅಲ್ಲಿ ಒಂದೊಂದು ಕ್ಷೇತ್ರದಿಂದ ಮೂವರು, ನಾಲ್ವರು ಅಥವಾ ಐವರು. ಸಂಸತ್ತಿನ ಕೆಳಮನೆಗೆ ಡಾಯಿಲ್ ಅನ್ನುತ್ತಾರೆ, ಸದಸ್ಯರನ್ನು ಟಿ.ಡಿ. ಅಂತ ಕರೆಯುತ್ತಾರೆ. 2024ರಲ್ಲಿ 43 ಕ್ಷೇತ್ರಗಳಿಂದ 174 ಟಿ.ಡಿ.ಗಳು ಆರಿಸಿಬಂದರು. ಮೂರಕ್ಕಿಂತ ಕಡಿಮೆ ಸೀಟಿನ ಕ್ಷೇತ್ರ ಮಾಡಬಾರದು ಅಂತ ಸಂವಿಧಾನವೇ ಹೇಳುತ್ತದೆ.

ಹಾಗಾದರೆ ಗೆಲ್ಲಲು ಎಷ್ಟು ಮತ ಬೇಕು? ಅದೇ ಕೋಟಾ. ಸಿಂಧು ಮತಗಳನ್ನು ಸೀಟಿನ ಸಂಖ್ಯೆಗೆ ಒಂದು ಸೇರಿಸಿ ಭಾಗಿಸಿ. ಚಿಲ್ಲರೆ ಬಿಟ್ಟು, ಬಂದ ಉತ್ತರಕ್ಕೆ ಒಂದು ಕೂಡಿಸಿ. ಮೂರು ಸೀಟಿನ ಕ್ಷೇತ್ರ, 40,000 ಸಿಂಧು ಮತ ಅಂದುಕೊಳ್ಳಿ. ನಾಲ್ಕರಿಂದ ಭಾಗಿಸಿದರೆ 10,000. ಒಂದು ಸೇರಿಸಿದರೆ 10,001. ಯಾಕೆ ಈ ವಿಚಿತ್ರ ಲೆಕ್ಕ? ಮೂವರು 10,001 ಮುಟ್ಟಬಹುದು, ನಾಲ್ವರು ಮುಟ್ಟಲು ಮತವೇ ಸಾಲದು. ಅಷ್ಟೇ ಗುಟ್ಟು. ರಾಜ್ಯಸಭೆಯ ನಾಲ್ಕು ಸೀಟಿಗೆ ನಮ್ಮ 224 ಶಾಸಕರು ಮತ ಹಾಕುವಾಗ ‘ಗೆಲ್ಲಲು 45 ಮತ ಬೇಕು’ ಅಂತ ಸುದ್ದಿ ಬರುತ್ತದಲ್ಲ, ಆ 45 ಹುಟ್ಟುವುದೂ ಇದೇ ಸೂತ್ರದಿಂದ.

ಈಗ ಎಣಿಕೆ. ಈ ಕಾಲ್ಪನಿಕ ಕ್ಷೇತ್ರದ ಐವರು ಅಭ್ಯರ್ಥಿಗಳಿಗೆ ಕ, ಚ, ಟ, ತ, ಪ ಅಂತ ಹೆಸರಿಡೋಣ. ಕ ಮತ್ತು ತ ಒಂದೇ ಪಕ್ಷ. ಮೊದಲ ಸುತ್ತಿನಲ್ಲಿ ಬರೀ 1 ಯಾರಿಗೆ ಬಿದ್ದಿದೆ ಅಂತ ನೋಡಿ ಚೀಟಿ ವಿಂಗಡಿಸುತ್ತಾರೆ. ಕಗೆ 13,001, ಚಗೆ 9,200, ಟಗೆ 8,300, ತಗೆ 5,499, ಪಗೆ 4,000.

ಕ ಕೋಟಾ ದಾಟಿಯಾಯಿತು, ಗೆದ್ದಾಯಿತು. ಆದರೆ ಬೇಕಾದದ್ದು 10,001. ಇನ್ನು 3,000 ಹೆಚ್ಚುವರಿ. ಇಷ್ಟು ಮತ ಸುಮ್ನೆ ಕೊಳೆಯಬೇಕಾ? ಇಲ್ಲ. ಕ ಪಡೆದ 13,001 ಚೀಟಿಗಳನ್ನೂ ಮತ್ತೆ ಎತ್ತಿ 2 ಯಾರಿಗಿದೆ ಅಂತ ನೋಡುತ್ತಾರೆ. 1,001 ಚೀಟಿಯಲ್ಲಿ 2 ಬರೆದೇ ಇಲ್ಲ. ಉಳಿದ 12,000ರಲ್ಲಿ 6,000 ತಗೆ, 3,000 ಟಗೆ, 2,000 ಚಗೆ, 1,000 ಪಗೆ. ಆದರೆ ಹಂಚಲು ಇರುವುದು 3,000 ಮಾತ್ರ, ಅಂದರೆ ಕಾಲು ಭಾಗ. ಹಾಗಾಗಿ ಎಲ್ಲರಿಗೂ ಕಾಲು ಪಾಲು. ತಗೆ 1,500, ಟಗೆ 750, ಚಗೆ 500, ಪಗೆ 250.

ಎರಡನೇ ಸುತ್ತು ಮುಗಿದಾಗ ಚ 9,700, ಟ 9,050, ತ 6,999, ಪ 4,250. ಯಾರೂ ಹೊಸದಾಗಿ ಕೋಟಾ ಮುಟ್ಟಿಲ್ಲ. ಈಗ ಕೊನೆಯಲ್ಲಿರುವ ಪ ಔಟ್. ಅವರ 4,250 ಚೀಟಿ ಬಿಚ್ಚಿ ಮುಂದಿನ ನಂಬರ್ ನೋಡುತ್ತಾರೆ. ಕ ಈಗಾಗಲೇ ಗೆದ್ದಿರುವುದರಿಂದ ಕಗೆ ಬರೆದಿದ್ದರೆ ಅದನ್ನು ದಾಟಿ ಆಮೇಲಿನ ಹೆಸರಿಗೆ ಹೋಗುತ್ತಾರೆ. 2,600 ತಗೆ, 450 ಚಗೆ, 300 ಟಗೆ. 900 ಚೀಟಿಯಲ್ಲಿ ಮುಂದಿನ ಹೆಸರಿಲ್ಲ, ಅವು ಅಲ್ಲಿಗೇ ನಿಂತವು.

ಈಗ ಲೆಕ್ಕ ನೋಡಿ. ಚ 10,150, ಕೋಟಾ ದಾಟಿ ಗೆದ್ದರು. ತ 9,599, ಟ 9,350. ಇಬ್ಬರ ನಡುವೆ 249 ಮತದ ಅಂತರ. ಚ ಬಳಿ ಹೆಚ್ಚುವರಿ ಇರುವುದು 149. ಅಷ್ಟನ್ನೂ ಟಗೇ ಸುರಿದರೂ ತ ಅವರನ್ನು ಹಿಡಿಯಲು ಆಗುವುದಿಲ್ಲ. ಹಾಗಾಗಿ ಹಂಚುವ ಗೋಜಿಗೇ ಹೋಗದೆ ತ ಗೆದ್ದರು ಅಂತ ಘೋಷಿಸುತ್ತಾರೆ, ಕೋಟಾ ಮುಟ್ಟದೆಯೇ! ಮೊದಲ ಸುತ್ತಿನಲ್ಲಿ 5,499 ಮತ ಪಡೆದು ನಾಲ್ಕನೇ ಸ್ಥಾನದಲ್ಲಿದ್ದವರು ಒಳಗೆ, 8,300 ಪಡೆದು ಮೂರನೇ ಸ್ಥಾನದಲ್ಲಿದ್ದವರು ಹೊರಗೆ. ನಮ್ಮ ಕಣ್ಣಿಗೆ ಇದು ಅನ್ಯಾಯ ಅನಿಸಬಹುದು. ಆದರೆ ಟ ತಮ್ಮ ಬೆಂಬಲಿಗರಾಚೆ ಯಾರಿಗೂ ಅಷ್ಟಾಗಿ ಬೇಡವಾಗಿದ್ದರು. ತ ಬಹಳ ಜನಕ್ಕೆ ಎರಡನೇ ಆಯ್ಕೆಯಾಗಿದ್ದರು. ಈ ಪದ್ಧತಿ ಅಳೆಯುವುದೇ ಅದನ್ನು.

ಒಂದು ಸೂಕ್ಷ್ಮ ಮಾತ್ರ ನನಗೆ ಇವತ್ತಿಗೂ ಸೋಜಿಗ. ತಗೆ ಎರಡನೇ ಪ್ರಾಶಸ್ತ್ಯ ಕೊಟ್ಟ 6,000 ಚೀಟಿಯಲ್ಲಿ 1,500 ಮಾತ್ರ ಹೋಗಬೇಕು ಅಂದೆವಲ್ಲ, ಯಾವ 1,500? ಡಾಯಿಲ್ ಚುನಾವಣೆಯಲ್ಲಿ ಆ ಕಟ್ಟಿನ ಮೇಲಿನಿಂದ 1,500 ಚೀಟಿ ಎತ್ತಿ ತ ಅವರ ರಾಶಿಗೆ ಹಾಕುತ್ತಾರೆ! ಆ ಚೀಟಿಗಳಲ್ಲಿ 3 ಯಾರಿಗಿದೆ ಅನ್ನುವುದು ಮುಂದಿನ ಸುತ್ತುಗಳಲ್ಲಿ ಮುಖ್ಯವಾಗಬಹುದು. ಅಂದರೆ ಸಣ್ಣದೊಂದು ಅದೃಷ್ಟದಾಟ ಒಳಗೇ ಸೇರಿಕೊಂಡಿದೆ. ಅದಕ್ಕೇ ಎಣಿಕೆಗೆ ಮೊದಲು ಎಲ್ಲಾ ಪೆಟ್ಟಿಗೆಯ ಚೀಟಿಗಳನ್ನು ಚೆನ್ನಾಗಿ ಕಲಸುತ್ತಾರೆ. ಮೇಲ್ಮನೆಯಾದ ಸೆನೆಟ್ ಚುನಾವಣೆಯಲ್ಲಿ ಹೀಗಲ್ಲ, ಅಲ್ಲಿ ಎಲ್ಲಾ ಚೀಟಿಗಳನ್ನೂ ಭಿನ್ನರಾಶಿಯ ಬೆಲೆಯಲ್ಲಿ ದಾಟಿಸುತ್ತಾರೆ. ಅದೇ ಸರಿ ಅಂತ ಗಣಿತ ಬಲ್ಲವರು ಹೇಳುತ್ತಾರೆ, ನನಗೂ ಹಾಗೇ ಅನಿಸುತ್ತದೆ. ಆದರೆ ಲಕ್ಷಾಂತರ ಚೀಟಿಗಳನ್ನು ಕೈಯಲ್ಲಿ ಎಣಿಸುವವರ ಕಷ್ಟ ಅವರಿಗೇ ಗೊತ್ತು.

ಒಂದೇ ಸೀಟು ಇದ್ದರೆ? ರಾಷ್ಟ್ರಪತಿ ಚುನಾವಣೆ, ಉಪಚುನಾವಣೆ ಹಾಗಿರುತ್ತವೆ. ಆಗ ಕೋಟಾ ಅಂದರೆ ಅರ್ಧಕ್ಕಿಂತ ಜಾಸ್ತಿ. 1990ರ ರಾಷ್ಟ್ರಪತಿ ಚುನಾವಣೆ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಸುತ್ತಿನಲ್ಲಿ ಬ್ರಯನ್ ಲೆನಿಹನ್ ಅವರಿಗೆ 6,94,484 ಮತ, ಮೇರಿ ರಾಬಿನ್ಸನ್ ಅವರಿಗೆ 6,12,265, ಆಸ್ಟಿನ್ ಕರಿ ಅವರಿಗೆ 2,67,902. ನಮ್ಮ ಲೋಕಸಭೆಯ ಲೆಕ್ಕದಲ್ಲಾದರೆ ಲೆನಿಹನ್ ಗೆದ್ದು ಹಾರ ಹಾಕಿಸಿಕೊಳ್ಳುತ್ತಿದ್ದರು. ಆದರೆ ಅವರಿಗೆ ಅರ್ಧ ದಾಟಿರಲಿಲ್ಲ. ಕರಿ ಔಟಾದರು. ಅವರ ಚೀಟಿಗಳಲ್ಲಿ 2,05,565 ರಾಬಿನ್ಸನ್‌ಗೆ ಹೋದವು, ಲೆನಿಹನ್‌ಗೆ ಸಿಕ್ಕಿದ್ದು ಬರೀ 36,789. ರಾಬಿನ್ಸನ್ ಐರ್ಲೆಂಡಿನ ಮೊದಲ ಮಹಿಳಾ ರಾಷ್ಟ್ರಪತಿಯಾದರು.

ಭಾರತದ ರಾಷ್ಟ್ರಪತಿ ಚುನಾವಣೆಯೂ ಇದೇ ಬಗೆಯದು. 1969ರಲ್ಲಿ ಬೆಂಗಳೂರಿನಲ್ಲಿ ಸೇರಿದ್ದ ಕಾಂಗ್ರೆಸ್ ನಾಯಕರು ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿ ಮಾಡಿದರು. ಇಂದಿರಾ ಗಾಂಧಿ ಒಲವು ವಿ.ವಿ. ಗಿರಿ ಕಡೆಗಿತ್ತು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ ಮುಂದಿದ್ದರೂ ಕೋಟಾ ಮುಟ್ಟಲಿಲ್ಲ. ಮೂರನೆಯವರಾದ ಸಿ.ಡಿ. ದೇಶಮುಖ್ ಅವರ ಮತಗಳಲ್ಲಿ ಹೆಚ್ಚಿನವು ರೆಡ್ಡಿ ಕಡೆ ಹೋದವು. ಅಂತರ ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಗಿರಿ ಬಚಾವಾದರು.

ಐರ್ಲೆಂಡಿಗೆ ಈ ಪದ್ಧತಿ ಬಂದದ್ದು ಬ್ರಿಟಿಷರ ಕಾಲದಲ್ಲಿ. 1919ರ ಜನವರಿಯಲ್ಲಿ ಸ್ಲೈಗೋ ಎಂಬ ಪಟ್ಟಣದ ಪುರಸಭೆಗೆ ಮೊದಲ ಪ್ರಯೋಗ. ಆ ಪುರಸಭೆ ದಿವಾಳಿಯಾಗಿತ್ತು, ತೆರಿಗೆ ಕಟ್ಟುವ ಅಲ್ಪಸಂಖ್ಯಾತರಿಗೂ ಒಂದಿಷ್ಟು ಮಾತು ಸಿಗಲಿ ಅನ್ನುವುದು ಆಲೋಚನೆ. ಮರುವರ್ಷ ಇಡೀ ದ್ವೀಪದ ಸ್ಥಳೀಯ ಚುನಾವಣೆಗೆ ವಿಸ್ತರಿಸಿದರು. 1922ರಲ್ಲಿ ಹೊಸ ದೇಶ ಹುಟ್ಟಿದಾಗಲೂ ಅದನ್ನೇ ಇಟ್ಟುಕೊಂಡರು. 1937ರ ಸಂವಿಧಾನದಲ್ಲಿ ಹೆಸರು ಹೇಳಿಯೇ ಬರೆದರು.

ಆ ಸಂವಿಧಾನ ಬರೆಸಿದ್ದು ಆಗ ಸರ್ಕಾರದ ಮುಖ್ಯಸ್ಥರಾಗಿದ್ದ ಏಮನ್ ಡಿ ವಲೇರಾ. ಮುಂದೆ ಇದನ್ನು ತೆಗೆದುಹಾಕಬೇಕು ಅಂತ ಹೊರಟವರೂ ಅವರೇ! ಸ್ಥಿರ ಸರ್ಕಾರ ಬರುವುದಿಲ್ಲ ಅನ್ನುವುದು ಅವರ ವಾದ. ನಮ್ಮಂತೆ ಒಂದು ಕ್ಷೇತ್ರಕ್ಕೆ ಒಬ್ಬರು, ಹೆಚ್ಚು ಮತ ಪಡೆದವರು ಗೆದ್ದರು ಅನ್ನುವ ಪದ್ಧತಿ ಬಂದರೆ ಅವರ ಫಿಯನ್ನಾ ಫಾಲ್ ಪಕ್ಷಕ್ಕೇ ಲಾಭ ಅಂತ ಎಲ್ಲರಿಗೂ ಗೊತ್ತಿತ್ತು. 1959ರ ಜೂನ್ 17ರಂದು ಜನಮತ ಸಂಗ್ರಹ. ಅದೇ ದಿನ ರಾಷ್ಟ್ರಪತಿ ಚುನಾವಣೆ, ಅದರಲ್ಲಿ ಡಿ ವಲೇರಾ ಅಭ್ಯರ್ಥಿ. ಜನ ಅವರನ್ನು ರಾಷ್ಟ್ರಪತಿ ಮಾಡಿದರು, ಅವರ ತಿದ್ದುಪಡಿಯನ್ನು ತಿರಸ್ಕರಿಸಿದರು. 1968ರಲ್ಲಿ ಪಕ್ಷ ಮತ್ತೊಮ್ಮೆ ಕೇಳಿತು. ಈ ಸಲ ಸೋಲು ಇನ್ನೂ ದೊಡ್ಡದು. ಆಮೇಲೆ ಆ ಪ್ರಶ್ನೆಯನ್ನು ಜನರ ಮುಂದೆ ಇಡಲು ಯಾವ ಸರ್ಕಾರವೂ ಹೋಗಿಲ್ಲ.

ಪದ್ಧತಿ ಬದಲಿಸಲು ಆಗದಿದ್ದರೆ ಗಡಿಗೆರೆ ಬದಲಿಸಬಹುದಲ್ಲ? 1970ರ ದಶಕದಲ್ಲಿ ಜೇಮ್ಸ್ ಟಲ್ಲಿ ಎಂಬ ಸಚಿವರು ಡಬ್ಲಿನ್ ಸುತ್ತ ಮೂರು ಸೀಟಿನ ಕ್ಷೇತ್ರಗಳನ್ನು ಜಾಸ್ತಿ ಮಾಡಿದರು, ತಮ್ಮ ಮೈತ್ರಿಕೂಟದ ಎರಡು ಪಕ್ಷಗಳಿಗೆ ಒಂದೊಂದು, ಎದುರಾಳಿ ಫಿಯನ್ನಾ ಫಾಲ್‌ಗೆ ಒಂದು ಸಿಗಲಿ ಅಂತ. 1977ರಲ್ಲಿ ಗಾಳಿ ತಿರುಗಿತು. ಅದೇ ಕ್ಷೇತ್ರಗಳಲ್ಲಿ ಎದುರಾಳಿ ಎರಡೆರಡು ಸೀಟು ಬಾಚಿಕೊಂಡಿತು, 148ರಲ್ಲಿ 84 ಗೆದ್ದಿತು. ತಾನೇ ತೋಡಿದ ಹಳ್ಳ. ಅಂದಿನಿಂದ ಗಡಿ ಗುರುತಿಸುವ ಕೆಲಸ ಮಂತ್ರಿಗಳ ಕೈ ಬಿಟ್ಟು ಸ್ವತಂತ್ರ ಆಯೋಗಗಳಿಗೆ ಹೋಯಿತು.

ಈ ಪದ್ಧತಿ ರಾಜಕಾರಣಿಗಳ ನಡವಳಿಕೆಯನ್ನೂ ತಿದ್ದುತ್ತದೆ, ಕೆಡಿಸುತ್ತದೆ ಕೂಡ. ಬೇರೆ ಪಕ್ಷದವರ ಎರಡನೇ ಪ್ರಾಶಸ್ತ್ಯ ಬೇಕಲ್ಲ, ಹಾಗಾಗಿ ಯಾರನ್ನೂ ತೀರಾ ಬೈದು ದೂರ ಮಾಡಿಕೊಳ್ಳುವಂತಿಲ್ಲ. ಮನೆ ಬಾಗಿಲಿಗೆ ಬಂದವರಿಗೆ ‘ನನ್ನ ಮತ ಇನ್ನೊಬ್ಬರಿಗೆ’ ಅಂದರೆ ಮುಖ ಸಿಂಡರಿಸುವುದಿಲ್ಲ. ‘ಹಾಗಾದ್ರೆ ಎರಡನೆಯದಾದರೂ ನನಗೆ ಕೊಡಿ’ ಅನ್ನುತ್ತಾರೆ. ಆದರೆ ನಿಜವಾದ ಜಗಳ ಪಕ್ಷದ ಒಳಗೇ. ಒಂದೇ ಕ್ಷೇತ್ರದಲ್ಲಿ ಒಂದೇ ಪಕ್ಷದ ಇಬ್ಬರು ನಿಂತಾಗ ಇಬ್ಬರದೂ ಒಂದೇ ಪ್ರಣಾಳಿಕೆ. ಆಗ ಪೈಪೋಟಿ ಯಾವುದರಲ್ಲಿ? ಯಾರು ಜಾಸ್ತಿ ರಸ್ತೆಗುಂಡಿ ಮುಚ್ಚಿಸಿದರು, ಯಾರು ಜಾಸ್ತಿ ಸಾವಿನ ಮನೆಗೆ ಹೋದರು ಅನ್ನುವುದರಲ್ಲಿ. ರಾಷ್ಟ್ರೀಯ ವಿಚಾರ ಬಿಟ್ಟು ಊರಿನ ಕೆಲಸಕ್ಕೇ ಅಂಟಿಕೊಳ್ಳುತ್ತಾರೆ ಅನ್ನುವ ದೂರು ಅಲ್ಲಿ ಹಳೆಯದು. ಬುದ್ಧಿವಂತ ಪಕ್ಷಗಳು ಕ್ಷೇತ್ರದ ನಕ್ಷೆಯನ್ನೇ ಸೀಳುತ್ತವೆ. ಉತ್ತರದ ಊರುಗಳಿಗೆ ಹೋಗುವ ಕರಪತ್ರದಲ್ಲಿ ಒಬ್ಬರಿಗೆ 1, ಇನ್ನೊಬ್ಬರಿಗೆ 2 ಅಂತ ಇರುತ್ತದೆ. ದಕ್ಷಿಣದ ಕರಪತ್ರದಲ್ಲಿ ತಿರುವುಮುರುವು.

ಎಷ್ಟು ಜನರನ್ನು ನಿಲ್ಲಿಸಬೇಕು ಅನ್ನುವುದೂ ಜೂಜೇ. ಜಾಸ್ತಿ ನಿಲ್ಲಿಸಿದರೆ ಮತ ಚದುರುತ್ತದೆ. ಕಡಿಮೆ ನಿಲ್ಲಿಸಿದರೆ ಮತ ಬೇರೆಯವರ ಪಾಲು. 2019ರ ಸ್ಥಳೀಯ ಚುನಾವಣೆಯಲ್ಲಿ ಪೆಟ್ಟು ತಿಂದಿದ್ದ ಶಿನ್ ಫೇನ್ ಪಕ್ಷ 2020ರಲ್ಲಿ ಹೆದರಿ 42 ಜನರನ್ನಷ್ಟೇ ಕಣಕ್ಕಿಳಿಸಿತು. ಜನ ನೋಡಿದರೆ ಮತದ ಮಳೆ ಸುರಿಸಿದರು. ಮೊದಲ ಪ್ರಾಶಸ್ತ್ಯದಲ್ಲಿ 24.5 ಶೇಕಡಾ, ಎಲ್ಲರಿಗಿಂತ ಹೆಚ್ಚು. 42ರಲ್ಲಿ 37 ಜನ ಗೆದ್ದರು. ಡಬ್ಲಿನ್ ಬೇ ನಾರ್ತ್‌ನಲ್ಲಿ ಆ ಪಕ್ಷದ ಡೆನಿಸ್ ಮಿಚೆಲ್ ಒಬ್ಬರಿಗೇ 21,344 ಮತ ಬಿತ್ತು. ಕೋಟಾ ಇದ್ದದ್ದು ಹನ್ನೆರಡು ಸಾವಿರದ ಆಸುಪಾಸು. ಎರಡನೇ ಅಭ್ಯರ್ಥಿ ಇದ್ದಿದ್ದರೆ ಗೆಲ್ಲುವ ಎಲ್ಲಾ ಸಾಧ್ಯತೆ ಇತ್ತು. ಇರಲಿಲ್ಲ, ಹೆಚ್ಚುವರಿ ಎಲ್ಲಾ ಬೇರೆಯವರಿಗೆ ಹರಿಯಿತು.

ಇಷ್ಟೆಲ್ಲಾ ಮಾಡಿ ಮತಕ್ಕೆ ತಕ್ಕ ಸೀಟು ಸಿಗುತ್ತದಾ? ಸುಮಾರಾಗಿ ಸಿಗುತ್ತದೆ, ಪಕ್ಕಾ ಅಲ್ಲ. 2024ರಲ್ಲಿ ಫಿಯನ್ನಾ ಫಾಲ್‌ಗೆ ಮೊದಲ ಪ್ರಾಶಸ್ತ್ಯದ 21.9 ಶೇಕಡಾ ಮತ, 48 ಸೀಟು, ಅಂದರೆ 27 ಶೇಕಡಾಕ್ಕೂ ಮೇಲೆ. ಕಾರಣ ಎರಡು. ಮೂರು ನಾಲ್ಕು ಸೀಟಿನ ಕ್ಷೇತ್ರದಲ್ಲಿ ಸಣ್ಣ ಪಕ್ಷಗಳಿಗೆ ಕೋಟಾ ದೊಡ್ಡ ಬೆಟ್ಟ. ಜೊತೆಗೆ, 1922–23ರ ಅಂತರ್ಯುದ್ಧದ ಎರಡು ಬಣಗಳಿಂದ ಹುಟ್ಟಿ ಒಂದು ಶತಮಾನ ಮುಖ ನೋಡದಂತಿದ್ದ ಫಿಯನ್ನಾ ಫಾಲ್ ಮತ್ತು ಫಿನೆ ಗೇಲ್ ಪಕ್ಷಗಳ ಮತದಾರರು ಈಗ ಪರಸ್ಪರ ಎರಡನೇ ಪ್ರಾಶಸ್ತ್ಯ ಕೊಟ್ಟುಕೊಳ್ಳುತ್ತಿದ್ದಾರೆ. ಎರಡೂ ಸೇರಿ 86 ಸೀಟು, ಬಹುಮತಕ್ಕೆ 88 ಬೇಕು. ಕೆಲವು ಪಕ್ಷೇತರರ ಬೆಂಬಲ ಪಡೆದು 2025ರ ಜನವರಿಯಲ್ಲಿ ಸರ್ಕಾರ ಮಾಡಿದವು.

ಎಣಿಕೆ ಕೇಂದ್ರಕ್ಕೆ ಒಮ್ಮೆ ಇಣುಕಿ. ಉದ್ದನೆಯ ಮೇಜುಗಳು, ಮುಂದೆ ಕಬ್ಬಿಣದ ಬೇಲಿ. ಬೇಲಿಗೆ ಎದೆಯೊತ್ತಿ ನಿಂತ ಪಕ್ಷದ ಕಾರ್ಯಕರ್ತರು. ಕೈಯಲ್ಲಿ ರಟ್ಟು, ಅದರ ಮೇಲೆ ಅಭ್ಯರ್ಥಿಗಳ ಹೆಸರಿನ ಹಾಳೆ, ಬೆರಳಲ್ಲಿ ಪೆನ್ಸಿಲ್. ಸಿಬ್ಬಂದಿ ಒಂದೊಂದೇ ಚೀಟಿ ಬಿಡಿಸಿ ಮುಖ ಮೇಲಾಗಿ ಇಡುವಾಗ 1 ಎಲ್ಲಿದೆ ಅಂತ ಕಣ್ಣಲ್ಲೇ ಹಿಡಿದು ಗೆರೆ ಎಳೆಯುತ್ತಾರೆ. ಇವರಿಗೆ ಟ್ಯಾಲಿಮನ್ ಅಂತ ಹೆಸರು. ಎದುರಾಳಿ ಪಕ್ಷದವರೂ ಈ ಒಂದು ಕೆಲಸದಲ್ಲಿ ಜೊತೆಗಾರರು, ಲೆಕ್ಕ ಹಂಚಿಕೊಳ್ಳುತ್ತಾರೆ. ಅಧಿಕೃತ ಎಣಿಕೆ ಶುರುವಾಗುವ ಮೊದಲೇ, ಬೆಳಿಗ್ಗೆಯೇ, ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಅಂತ ಇವರು ಹೇಳಿಬಿಡುತ್ತಾರೆ.

ಇದನ್ನೆಲ್ಲಾ ಬಿಟ್ಟು ಮೆಷಿನ್ ತರೋಣ ಅಂತ 2002ರಲ್ಲಿ ಮೂರು ಕ್ಷೇತ್ರಗಳಲ್ಲಿ ಪ್ರಯೋಗ ಮಾಡಿದರು. ಫಲಿತಾಂಶ ಒಂದೇ ಉಸಿರಿಗೆ ಬಂತು. ಮಾಜಿ ಸಚಿವೆ ನೋರಾ ಓವನ್ ತಾವು ಸೋತದ್ದನ್ನು ಎಲ್ಲರ ಎದುರು, ವೇದಿಕೆಯ ಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ ಕೇಳಬೇಕಾಯಿತು. ಸುತ್ತು ಸುತ್ತಾಗಿ ಬರುವ ಸೋಲಿಗೆ ಮನಸ್ಸು ಸಿದ್ಧವಾಗುತ್ತದೆ, ಇದಕ್ಕೆ ಆಗುವುದಿಲ್ಲ. ಆಮೇಲೆ ಮೆಷಿನ್‌ಗಳ ಭದ್ರತೆಯ ಬಗ್ಗೆ ಪ್ರಶ್ನೆಗಳೆದ್ದವು. ಐದು ಕೋಟಿ ಯೂರೋಗೂ ಹೆಚ್ಚು ಸುರಿದ ಯೋಜನೆ ನಿಂತಿತು. 2012ರಲ್ಲಿ ಆ ಮೆಷಿನ್‌ಗಳು ಗುಜರಿಗೆ ಹೋದವು, ಬಂದ ಹಣ ಸುಮಾರು 70 ಸಾವಿರ ಯೂರೋ. ಹಾಗೆಂದು ಕಾಗದದ ದಾರಿಯೂ ಸಲೀಸಲ್ಲ. 1992ರಲ್ಲಿ ಡಬ್ಲಿನ್ ಸೌತ್ ಸೆಂಟ್ರಲ್‌ನ ಕೊನೆಯ ಸೀಟಿಗೆ ಎಣಿಕೆ, ಮರುಎಣಿಕೆ ಅಂತ ಹತ್ತು ದಿನ ಹಿಡಿಯಿತು. ಬೆನ್ ಬ್ರಿಸ್ಕೋ ಗೆದ್ದರು, ಐದೇ ಐದು ಮತದಿಂದ.

ಡಬ್ಲಿನ್‌ನಲ್ಲೋ ಕಾರ್ಕ್‌ನಲ್ಲೋ ನೆಲೆಸಿರುವ ಕನ್ನಡಿಗರಿಗೆ ಒಂದು ಮಾತು. ಡಾಯಿಲ್‌ಗೆ ಮತ ಹಾಕಲು ಐರಿಷ್ ಅಥವಾ ಬ್ರಿಟಿಷ್ ಪೌರತ್ವ ಬೇಕು. ಆದರೆ ಸ್ಥಳೀಯ ಕೌನ್ಸಿಲ್ ಚುನಾವಣೆಗೆ ಪೌರತ್ವ ಬೇಕಿಲ್ಲ. ಅಲ್ಲಿ ವಾಸವಿದ್ದು 18 ತುಂಬಿ ಪಟ್ಟಿಯಲ್ಲಿ ಹೆಸರಿದ್ದರೆ ಭಾರತದ ಪಾಸ್‌ಪೋರ್ಟ್ ಇದ್ದವರೂ ಮತ ಹಾಕಬಹುದು. ಕಳೆದ ಸಲ ಆ ಚುನಾವಣೆ ನಡೆದದ್ದು 2024ರ ಜೂನ್‌ನಲ್ಲಿ, ಐದು ವರ್ಷಕ್ಕೊಮ್ಮೆ ಬರುತ್ತದೆ. ಹೋದಾಗ ಬರೀ 1 ಬರೆದು ಬರಬೇಡಿ. ಯಾರೋ ಒಬ್ಬರು ಮಾತ್ರ ಗೆಲ್ಲಲೇಬಾರದು ಅನಿಸಿದ್ದರೆ ಉಳಿದವರಿಗೆಲ್ಲಾ ತಾಳ್ಮೆಯಿಂದ ನಂಬರ್ ಬರೆಯಿರಿ, ಅವರ ಚೌಕ ಒಂದನ್ನು ಖಾಲಿ ಬಿಡಿ.